ಕಡೆಯ ಹಾಡಿನ ಕುರ್ಚಿ

ಭಾನುವಾರ ಬೆಳಗ್ಗೆ ಮೀಟರಪ್ಪ ಎದ್ದು ಬಚ್ಚಲಿಗೆ ಹೋದಾಗ ಅವನ ಅತ್ತೆ ಬಟ್ಟೆ ನೆನೆಸುವ ದೊಡ್ಡ ಟಬ್ಬಿನ ಮುಂದೆ ಕುಳಿತು ಕಪ್ಪು ತಟ್ಟೆಗಳನ್ನು ತೊಳೆಯುತ್ತಿದ್ದರು. ಮನೆಯಲ್ಲಿ ಇಷ್ಟೊಂದು ತಟ್ಟೆ ಯಾವಾಗ ಬಂತು ಎಂದು ನಿದ್ದೆಗಣ್ಣಲ್ಲೇ ಯೋಚಿಸುತ್ತ ಅವನು ಹಲ್ಲುಜ್ಜಲು ಶುರುಮಾಡಿದ. ಎಡಗಡೆಯ ಹಲ್ಲು ಮುಗಿಯುವಷ್ಟರಲ್ಲಿ, ಅವು ಊಟದ ತಟ್ಟೆಗಳಲ್ಲ, ತನ್ನ ಅರವತ್ತನಾಲ್ಕು ಹಾಡಿನ ರೆಕಾರ್ಡುಗಳು ಎಂಬುದು ಹೊಳೆದು ಬಾಯಲ್ಲಿದ್ದ ನೊರೆಯೆಲ್ಲ ಗಂಟಲಿಗಿಳಿಯಿತು.

"ಎಲ್ಲದರ ನಡುವೆ ಬಿಳಿ ಕಾಗದ ಅಂಟ್ಕೊಂಡು ಗಲೀಜಾಗಿತ್ತು ಅಳಿಯಂದ್ರೇ," ಎಂದರು ಅತ್ತೆ. "ಸೋಪಿನ ಪುಡಿ ಹಾಕಿ ನಿನ್ನೆನೇ ನೆನೆಸಿಟ್ಟಿದ್ದೆ. ನಡುವೆ ಮಾತ್ರ ಸ್ಟೀಲ್ ನಾರಲ್ಲಿ ಉಜ್ಜಿದೀನಿ. ಈಗ ನೋಡಿ, ಕನ್ನಡಿ ಹಂಗಿದೆ."

ಕನ್ನಡಿಯ ಹಾಗೇ ಇತ್ತು. ಅಂಟಿಸಿದ ಬಿಳಿ ಕಾಗದವೂ ಇರಲಿಲ್ಲ, ಅದರ ಕೆಳಗೆ ಕಂಪನಿಯವರು ಅಚ್ಚು ಹಾಕಿದ್ದ ಬಣ್ಣದ ಲೇಬಲ್ಲೂ ಇರಲಿಲ್ಲ. ಅರವತ್ತನಾಲ್ಕೂ ಒಂದೇ ಅಳತೆ, ಒಂದೇ ಕಪ್ಪು, ಒಂದೇ ಹೊಳಪು. ಟಬ್ಬಿನ ತಳದಲ್ಲಿ ಇನ್ನೂ ಏನೋ ಮುಳುಗಿತ್ತು. ಅದು ಅವನ ಹೆಡ್‌ಫೋನು. ಅದಕ್ಕೂ ಕೊಳೆ ಹಿಡಿದಿತ್ತಂತೆ.

ಮೀಟರಪ್ಪ ಎಂಬುದು ಅವನ ನಿಜವಾದ ಹೆಸರಲ್ಲ. ವಾರದಲ್ಲಿ ಆರು ದಿನ ಮನೆ ಮನೆ ತಿರುಗಿ ನೀರಿನ ಮೀಟರು ಓದುವುದು ಅವನ ಕೆಲಸವಾದ್ದರಿಂದ ಅವನಿದ್ದ ಕಟ್ಟಡದವರು ಇಟ್ಟ ಹೆಸರು. ಮೀಟರು ಓದುವವನಿಗೆ ಯಾರೂ ನಗುನಗುತ್ತ ಬಾಗಿಲು ತೆಗೆಯುವುದಿಲ್ಲ. ಆದರೆ ಭಾನುವಾರ ಸಾಯಂಕಾಲ ಐದು ಗಂಟೆಗೆ, ಹಳೆಯ ಬೆಂಕಿಪೊಟ್ಟಣದ ಕಾರ್ಖಾನೆಯ ನೆಲಮಾಳಿಗೆಯಲ್ಲಿ, ಇನ್ನೂರು ಜನ ಅವನನ್ನು "ಬನ್ನಿ, ಬನ್ನಿ" ಎಂದು ಬಹುವಚನದಲ್ಲಿ ಕರೆದು ದಾರಿ ಬಿಡುತ್ತಿದ್ದರು. ಬದುಕಿನಲ್ಲಿ ಅವನಿಗೆ ಬಹುವಚನ ಸಿಗುತ್ತಿದ್ದದ್ದು ಆ ಒಂದು ಗಂಟೆ ಮಾತ್ರ.

ಆ ನೆಲಮಾಳಿಗೆಯಲ್ಲಿ ಒಂದು ಡಿಸ್ಕೋ ಕ್ಲಬ್ಬಿತ್ತು. ನೆಲಕ್ಕೆ ಮುಖದ ಪೌಡರು ಉದುರಿಸಿ ಜಾರಿ ಜಾರಿ ಕುಣಿಯುವ ಜಾಗ. ಅಲ್ಲಿ ರೇಡಿಯೋದಲ್ಲಿ ಬಂದ ಹಾಡು ಹಾಕಿದರೆ ಜನ ಮುಖ ಸಿಂಡರಿಸುತ್ತಿದ್ದರು. ನಲವತ್ತು ಐವತ್ತು ವರ್ಷದ ಹಿಂದೆ ಯಾವುದೋ ಸಂದಿಯ ಸ್ಟುಡಿಯೋದಲ್ಲಿ ಯಾರೋ ಪ್ರಾಣ ಬಿಟ್ಟು ಹಾಡಿ, ಅಚ್ಚು ಹಾಕಿಸಿ, ನರಪಿಳ್ಳೆಯೂ ಕೊಳ್ಳದೆ ಮೂಲೆ ಸೇರಿದ ಸೋಲ್ ಎಂಬ ಶೈಲಿಯ ಹಾಡುಗಳು, ಡಿಸ್ಕೋ ಹಾಡುಗಳು, ಅವೇ ಅಲ್ಲಿ ಬಂಗಾರ. ಎಷ್ಟು ಹೀನಾಯವಾಗಿ ಸೋತಿದೆಯೋ ಅಷ್ಟು ಗೌರವ. ಸೋಲ್ ಎಂದು ಹೆಸರಿಟ್ಟುಕೊಂಡ ಮೇಲೆ ಗೆದ್ದವರನ್ನು ಒಳಗೆ ಬಿಡುವುದು ಹೇಗೆ ಎಂದು ಕ್ಲಬ್ಬಿನ ಕಾರ್ಯದರ್ಶಿ ಗಂಭೀರವಾಗಿಯೇ ಕೇಳುತ್ತಿದ್ದರು.

ಬೇರೆ ಯಾರಲ್ಲೂ ಇಲ್ಲದ ರೆಕಾರ್ಡು ಯಾರಲ್ಲಿದೆಯೋ ಅವರಿಗೆ ದಿನದ ಕಡೆಯ ಹಾಡು ಹಾಕುವ ಹಕ್ಕು, ಜೊತೆಗೆ ಕೂರಲು ಒಂದು ಕೈ ಮುರಿದ ಮರದ ಕುರ್ಚಿ. ಎರಡನೇ ಪ್ರತಿ ಯಾರಾದರೂ ತಂದು ತೋರಿಸಿದರೆ ಕುರ್ಚಿ ಹೋಯಿತು. ಅದಕ್ಕೇ ಅಲ್ಲಿ ಹಾಡು ಹಾಕುವವರೆಲ್ಲ ರೆಕಾರ್ಡಿನ ನಿಜವಾದ ಹೆಸರಿನ ಮೇಲೆ ಬಿಳಿ ಕಾಗದ ಅಂಟಿಸಿ ಸುಳ್ಳು ಹೆಸರು ಬರೆಯುತ್ತಿದ್ದರು. ಅದು ಮೋಸವಲ್ಲ, ಆ ಕಸುಬಿನ ಮರ್ಯಾದೆ. ಮೀಟರಪ್ಪ ಆರು ವರ್ಷದ ಹಿಂದೆ ರಸ್ತೆಬದಿಯ ಗುಜರಿಯಲ್ಲಿ ಸಿಕ್ಕ ತನ್ನ ರೆಕಾರ್ಡಿಗೆ "ಮಂಗಳವಾರದ ಸೋದರಿಯರು" ಎಂದು ಹೆಸರಿಟ್ಟಿದ್ದ. ಲೇಬಲ್ಲಿನ ಅಂಚಿನಲ್ಲಿ ಕೊರೆದಿದ್ದ ನಂಬರನ್ನು ಅರವತ್ತನಾಲ್ಕು ರೆಕಾರ್ಡುಗಳಲ್ಲೂ ಬ್ಲೇಡಿನಿಂದ ಕೆರೆದು ಹಾಕಿದ್ದ. ಲಕೋಟೆಯನ್ನು ಸುಟ್ಟಿದ್ದ. ಮನೆಯಲ್ಲೂ ಅದನ್ನು ಹೆಡ್‌ಫೋನಿನಲ್ಲಲ್ಲದೆ ಕೇಳುತ್ತಿರಲಿಲ್ಲ, ಗೋಡೆಗೂ ಕಿವಿಯಿರುತ್ತದಲ್ಲ. ಅಪಾಯ ಬೇಡವೆಂದು ನಿಜವಾದ ಹೆಸರನ್ನು ಎಲ್ಲೂ ಬರೆದಿಡಲಿಲ್ಲ. ಆರು ವರ್ಷ ಸುಳ್ಳು ಹೇಳಿ ಹೇಳಿ ಈಗ ಅದು ಅವನಿಗೇ ಮರೆತುಹೋಗಿತ್ತು.

ಅವನ ಎದುರಾಳಿ ಟೋಪಿ. ಕುಣಿಯುವಾಗಲೂ ತಲೆಯ ಟೋಪಿ ತೆಗೆಯದ ಆಸಾಮಿ. ಮಂಗಳವಾರದ ಸೋದರಿಯರನ್ನು ಅವನು ಆರು ವರ್ಷದಿಂದ ಹುಡುಕುತ್ತಿದ್ದ. ಸಿಗದಿದ್ದಾಗ, ಅವರಲ್ಲಿ ಹಿರಿಯ ಸೋದರಿಯ ಜೊತೆ ತಾನು ಊಟ ಮಾಡಿದ್ದೇನೆ ಎಂದು ಹೇಳಿಕೊಂಡು ತಿರುಗಿದ. ಆಕೆ ತುಂಬಾ ಸರಳ ವ್ಯಕ್ತಿಯಂತೆ.

ಆ ಭಾನುವಾರವೇ ವರ್ಷದ ಪರೀಕ್ಷೆ. ಕುರ್ಚಿಯಲ್ಲಿ ಕೂತವನು ಐದು ಗಂಟೆಗೆ ಸಮಿತಿಯ ಮುಂದೆ ತನ್ನ ರೆಕಾರ್ಡು ಹಾಕಿ ತೋರಿಸಬೇಕು. ಹಾಕದಿದ್ದರೆ ಇಡೀ ವರ್ಷ ಕುರ್ಚಿ ಸರದಿಯಲ್ಲಿ ಮುಂದಿದ್ದ ಟೋಪಿಯದು.

ಅರವತ್ತನಾಲ್ಕು ರೆಕಾರ್ಡುಗಳನ್ನು ಟವೆಲ್ಲಿನಲ್ಲಿ ಒರೆಸುತ್ತ ಮೀಟರಪ್ಪ ಲೆಕ್ಕ ಹಾಕಿದ. ಒಂದೊಂದನ್ನೂ ಅರ್ಧ ನಿಮಿಷ ಹಾಕಿ ನೋಡಿದರೆ ಗಂಟೆಯೊಳಗೆ ಸಿಕ್ಕೀತು. ಆದರೆ ಹೆಡ್‌ಫೋನಿನಿಂದ ಸೋಪಿನ ಗುಳ್ಳೆ ಬರುತ್ತಿತ್ತು, ಅವನ ಪ್ಲೇಯರಿಗೆ ಸ್ಪೀಕರೇ ಇರಲಿಲ್ಲ. ಇಡೀ ಕಟ್ಟಡದಲ್ಲಿ ಸ್ಪೀಕರಿರುವ ಪ್ಲೇಯರು ಇದ್ದದ್ದು ಎದುರುಮನೆಯ ನಿವೃತ್ತ ಮೇಷ್ಟ್ರ ಬಳಿ. ವಿಧಿಯಿಲ್ಲದೆ ಹೋಗಿ ಬಾಗಿಲು ತಟ್ಟಿದ. ಮೇಷ್ಟ್ರು ಸಂತೋಷವಾಗಿಯೇ ಒಪ್ಪಿದರು, ಮೊದಲ ರೆಕಾರ್ಡಿನಿಂದ ಅವನು ಅರ್ಧ ನಿಮಿಷಕ್ಕೆ ಮುಳ್ಳು ಎತ್ತಲು ಹೋಗುವವರೆಗೆ.

"ಕೈ ತೆಗಿ," ಎಂದರು ಮೇಷ್ಟ್ರು. "ಮೂವತ್ತೈದು ವರ್ಷ ಪಾಠ ಮಾಡಿದೋನು ನಾನು. ಅರ್ಧಕ್ಕೆ ಬಿಟ್ಟೇಳೋ ಅಭ್ಯಾಸ ಈ ಮನೇಲಿಲ್ಲ. ಹಾಡು ಅಂದ್ಮೇಲೆ ಪೂರ್ತಿ ಆಗ್ಬೇಕು."

ಆಗಲೇ ಹನ್ನೊಂದು ಗಂಟೆ. ಮೇಷ್ಟ್ರು ಪ್ರತಿ ಹಾಡನ್ನೂ ಪೂರ್ತಿ ಕೇಳಿ, ಕನ್ನಡಕ ಸರಿಮಾಡಿಕೊಂಡು, ಹಳೆಯ ಹಾಜರಿ ಪುಸ್ತಕದಲ್ಲಿ ಇಪ್ಪತ್ತೈದಕ್ಕೆ ಅಂಕ ಕೊಡುತ್ತಿದ್ದರು. ಮೂರನೇ ಹಾಡಿಗೆ ಒಂಬತ್ತು ಅಂಕ ಬಂತು, ಕೆಳಗೆ "ಗದ್ದಲ ಜಾಸ್ತಿ" ಎಂಬ ಷರಾ. ಹದಿನಾಲ್ಕನೆಯದಕ್ಕೆ ಮರುಪರೀಕ್ಷೆ ಬೇಕೆಂದು ಇನ್ನೊಮ್ಮೆ ಹಾಕಿಸಿದರು. ತಾನು ಯಾವ ಹಾಡು ಹುಡುಕುತ್ತಿದ್ದೇನೆಂದು ಮೀಟರಪ್ಪ ಬಾಯಿ ಬಿಡುವಂತಿರಲಿಲ್ಲ. ಯಾರು ಕೇಳಿದರೂ "ಸುಮ್ನೆ, ಒಣಗಿದ್ಯಾ ಅಂತ ನೋಡ್ತಿದೀನಿ" ಎನ್ನುತ್ತಿದ್ದ.

ಸದ್ದು ಕೇಳಿ ಜನ ಸೇರಿದರು. ಅತ್ತೆ ಬಂದರು, ತೊಳೆದ ಮೇಲೆ ಹಾಡು ಎಷ್ಟು ಸ್ವಚ್ಛವಾಗಿ ಬರುತ್ತಿದೆ ನೋಡಿ ಎಂದು ಎಲ್ಲರಿಗೂ ಹೇಳಿದರು. ಹೆಂಡತಿ ಹಿಟ್ಟು ಕಲಸುವ ಪಾತ್ರೆಯ ಸಮೇತ ಬಂದು ಬಾಗಿಲಲ್ಲಿ ನಿಂತಳು. ಮೂವತ್ತನೇ ಹಾಡಿನ ಹೊತ್ತಿಗೆ ಮೇಲ್ಮನೆಯ ಅಜ್ಜಿ ಕೋಲೂರಿಕೊಂಡು ಇಳಿದು ಬಂದರು. ಯಾರ ಮನೆಯಲ್ಲಿ ಕುಕ್ಕರು ಕೂಗಿದರೂ ಗಲಾಟೆ ಎಂದು ಚೀಟಿ ಬರೆದು ಬಾಗಿಲಿಗೆ ಅಂಟಿಸುವ ಅಜ್ಜಿ. ಮೀಟರಪ್ಪ ಸ್ಪೀಕರಿನ ದನಿ ತಗ್ಗಿಸಲು ಹೋದ. ಆದರೆ ಅಜ್ಜಿ ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಕುಳಿತು ಕೋಲಿನ ಮೇಲೆ ಗದ್ದ ಇಟ್ಟುಕೊಂಡರು.

ನಲವತ್ತು ಆಯಿತು, ಐವತ್ತು ಆಯಿತು. ಮೀಟರಪ್ಪ ಕಂಡ ಕಂಡ ದೇವರಿಗೆಲ್ಲ ಕೈಮುಗಿದ. ಗಡಿಯಾರ ನೋಡುವ ಧೈರ್ಯವಿಲ್ಲದೆ ಬೆನ್ನು ತಿರುಗಿಸಿ ಕುಳಿತ. ನಾಲ್ಕು ಗಂಟೆ ದಾಟಿದ ಮೇಲೆ, ಅರವತ್ತೊಂದನೇ ರೆಕಾರ್ಡಿನಲ್ಲಿ ಮುಳ್ಳು ಕೂತು ಮೊದಲ ಎರಡು ಪೆಟ್ಟು ಕೇಳಿದ್ದೇ ತಡ, ಅವನ ಮೈಮೇಲಿನ ಕೂದಲೆಲ್ಲ ಎದ್ದು ನಿಂತಿತು.

ಡೋಲು ಓಡುತ್ತ ಬಂತು. ಅದರ ಹಿಂದೆ ಮೂರು ಹೆಂಗಸರ ದನಿ, ಒಂದು ಬಾಗಿಲನ್ನು ಮೂವರೂ ಒಟ್ಟಿಗೆ ನೂಕಿದ ಹಾಗೆ. ಈ ಹಾಡನ್ನು ಅವನು ಮನೆಯ ಗಾಳಿಯಲ್ಲಿ ಕೇಳಿದ್ದು ಅದೇ ಮೊದಲು. ತಿರುಗಿ ನೋಡಿದರೆ ಮೇಷ್ಟ್ರ ಕೈಯ ಪೆನ್ನು ಬಿದ್ದಿತ್ತು. ಅವರು ಎದ್ದು, ಪಂಚೆ ಎತ್ತಿ ಕಟ್ಟಿ, ಎಡಕ್ಕೆರಡು ಬಲಕ್ಕೆರಡು ಹೆಜ್ಜೆ ಹಾಕುತ್ತಿದ್ದರು. ಮುಖದಲ್ಲಿ ಮಾತ್ರ ಶಿಸ್ತು ಹಾಗೇ ಇತ್ತು. ಅತ್ತೆಯ ತಲೆ ತಾನಾಗಿ ತೂಗುತ್ತಿತ್ತು. ಹೆಂಡತಿಯ ಪಾತ್ರೆಯಲ್ಲಿ ಹಿಟ್ಟು ತಾಳಕ್ಕೆ ಸರಿಯಾಗಿ ಪಟಪಟ ಎನ್ನುತ್ತಿತ್ತು. ಅಜ್ಜಿಯೊಬ್ಬರೇ ಅಲ್ಲಾಡಲಿಲ್ಲ. ಮುಖ ಗಂಟು ಹಾಕಿಕೊಂಡು, ಹಾಡು ಮುಗಿಯುವ ಮೊದಲೇ ಎದ್ದು ಮೆಟ್ಟಿಲು ಹತ್ತಿ ಹೋದರು.

ಸದ್ಯ, ಒಬ್ಬರಿಗಾದರೂ ಹಿಡಿಸಲಿಲ್ಲವಲ್ಲ ಎಂದು ಮೀಟರಪ್ಪ ಸಮಾಧಾನಪಟ್ಟ. ರೆಕಾರ್ಡನ್ನು ಎರಡು ದಿಂಬಿನ ನಡುವೆ ಇಟ್ಟು ಹಗ್ಗ ಬಿಗಿದು ಸೈಕಲ್ ಹತ್ತಿದ. ಮೇಷ್ಟ್ರು ಇನ್ನೂ ಮೂರು ಹಾಡು ಬಾಕಿ ಇದೆ ಎಂದು ಕಿಟಕಿಯಿಂದ ಕೂಗುತ್ತಿದ್ದರು.

ನೆಲಮಾಳಿಗೆ ತಲುಪಿದಾಗ ಐದಕ್ಕೆ ಎರಡು ನಿಮಿಷ. ಟೋಪಿ ಆಗಲೇ ಕುರ್ಚಿಯ ಧೂಳು ಒರೆಸುತ್ತಿದ್ದ. ಜನ ದಾರಿ ಬಿಟ್ಟರು, "ಬನ್ನಿ, ಬನ್ನಿ" ಎಂದರು. ಲೇಬಲ್ಲಿಲ್ಲದ ರೆಕಾರ್ಡು ನೋಡಿ ಕಾರ್ಯದರ್ಶಿ ಹುಬ್ಬೇರಿಸಿದರು. ಸುಳ್ಳು ಹೆಸರೂ ಬೇಡವೆಂದು ಹೆಸರನ್ನೇ ಅಳಿಸಿಹಾಕಿದ ಮೊದಲ ಮನುಷ್ಯ ಈತ, ಗುಟ್ಟು ಕಾಯುವುದೆಂದರೆ ಇದು ಎಂದು ಸಮಿತಿಗೆ ವಿವರಿಸಿದರು. ಸಮಿತಿ ತಲೆದೂಗಿತು. ಮೀಟರಪ್ಪ ಮುಳ್ಳು ಇಟ್ಟ.

ಮುಂದಿನ ಮೂರು ನಿಮಿಷ ನೆಲದ ಪೌಡರೆಲ್ಲ ಮೇಲೆದ್ದು ಮೋಡವಾಯಿತು. ಸೊಂಟನೋವಿನವರು, ಬೋಳುತಲೆಯವರು, ನಿನ್ನೆ ಮೊನ್ನೆ ಮೀಸೆ ಬಂದವರು, ಎಲ್ಲರೂ ಜಾರಿದರು, ತಿರುಗಿದರು, ಬಿದ್ದವರು ಬಿದ್ದಲ್ಲಿಂದಲೇ ಕಾಲಾಡಿಸಿದರು. ಟೋಪಿಯ ಟೋಪಿ ಹಾರಿಹೋಯಿತು. ಹಾಡು ಮುಗಿದ ಮೇಲೆ ಕಾರ್ಯದರ್ಶಿ ಏದುಸಿರು ಬಿಡುತ್ತ, ಪ್ರಪಂಚದಲ್ಲಿ ಈ ಹಾಡಿಗೆ ಇರುವುದು ಇದೊಂದೇ ಪ್ರತಿ, ಕುರ್ಚಿ ಇನ್ನೊಂದು ವರ್ಷ ಇವರದ್ದೇ ಎಂದು ಘೋಷಿಸಿದರು. ಮೀಟರಪ್ಪ ಕುರ್ಚಿಯಲ್ಲಿ ಕುಳಿತ. ಅವನಿಗೆ ನಿಜವಾಗಿಯೂ ಅಳು ಬಂತು.

ಅಷ್ಟರಲ್ಲಿ ಬಾಗಿಲಲ್ಲಿ ಏನನ್ನೋ ಎಳೆಯುವ ಸದ್ದಾಯಿತು. ಮೊದಲು ಮೇಷ್ಟ್ರ ಬೆನ್ನು ಕಂಡಿತು, ಆಮೇಲೆ ಒಂದು ಕಬ್ಬಿಣದ ಟ್ರಂಕು, ಅದನ್ನು ಹಿಂದಿನಿಂದ ನೂಕುತ್ತಿದ್ದ ಅತ್ತೆ. ಅವರ ಹಿಂದೆ, ಕೋಲೂರಿಕೊಂಡು, ತುಟಿಗೆ ಬಣ್ಣ ಹಚ್ಚಿಕೊಂಡ ಮೇಲ್ಮನೆಯ ಅಜ್ಜಿ.

"ನಮ್ಮ ಅಳಿಯಂದ್ರಿಗೆ ಎಷ್ಟು ಸಂತೋಷ ಆಗುತ್ತೋ ಅಂತ ವ್ಯಾನು ಮಾಡ್ಕೊಂಡೇ ಕರ್ಕೊಂಡು ಬಂದೆ," ಎಂದು ಅತ್ತೆ ಸಭೆಗೆಲ್ಲ ಹೇಳಿದರು. "ಯಾಕಜ್ಜಿ ಎದ್ದು ಹೋದ್ರಿ ಅಂತ ಕೇಳಕ್ಕೆ ಹೋದ್ರೆ, ಮಂಚದ ಕೆಳಗೆ ತಲೆ ಹಾಕ್ಕೊಂಡು ಅಳ್ತಾ ಕೂತಿದ್ರು."

ಟ್ರಂಕಿನ ಮುಚ್ಚಳ ತೆರೆಯಿತು. ಒಳಗೆ ಸಾಲಾಗಿ ನಿಲ್ಲಿಸಿದ ರೆಕಾರ್ಡುಗಳು, ಒಂದೊಂದರ ನಡುವೆಯೂ ಮಾಸದ ಕಿತ್ತಳೆ ಬಣ್ಣದ ಲೇಬಲ್ಲು.

"ಇದು ನಂದೇ ಹಾಡು," ಎಂದರು ಅಜ್ಜಿ. "ನಾವು ಮೂರು ಜನ ಹಾಡಿದ್ವಿ. ಒಬ್ಬಳು ಸತ್ಲು, ಒಬ್ಬಳು ಮದುವೆ ಆದ್ಲು, ನಾನು ಮೇಲ್ಮನೇಲಿದೀನಿ. ಇನ್ನೂರು ಪ್ರತಿ ಮಾಡ್ಸಿದ್ವಿ. ಒಂದೇ ಒಂದು ಹೋಯ್ತು, ಅದನ್ನ ಕೊಂಡೋನೂ ಗುಜರಿಗೆ ಹಾಕಿದ ಅಂತ ಕಾಣುತ್ತೆ. ಯಾರಿಗೂ ಬೇಡದ ಹಾಡು ಅಂದ್ಕೊಂಡಿದ್ದೆ. ಇವತ್ತು ಮೇಷ್ಟ್ರು ಪಂಚೆ ಎತ್ತಿ ಕಟ್ಟಿದ್ದು ನೋಡಿ ತಡ್ಕೊಳ್ಳಕ್ಕಾಗ್ಲಿಲ್ಲ. ತಗೊಳ್ಳಿ, ಎಲ್ಲರೂ ಒಂದೊಂದು ತಗೊಳ್ಳಿ."

ಎಲ್ಲರೂ ಒಂದೊಂದು ತೆಗೆದುಕೊಂಡರು. ನೂಕುನುಗ್ಗಲಿನಲ್ಲಿ ಮೊದಲನೆಯದು ಟೋಪಿಗೇ ಸಿಕ್ಕಿತು. ಈ ಅಮ್ಮನ ಜೊತೆಯಲ್ಲೇ ಅಲ್ಲವೇ ತಾವು ಊಟ ಮಾಡಿದ್ದು ಎಂದು ಯಾರೋ ಅವನನ್ನು ಕೇಳಿದರು. ಅಜ್ಜಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಯಾರಿವನು ಎಂದರು. ಆದರೆ ರೆಕಾರ್ಡು ಎದೆಗವಚಿಕೊಂಡಿದ್ದ ಟೋಪಿಗೆ ಮಾನ ಹೋದದ್ದೂ ಗೊತ್ತಾಗಲಿಲ್ಲ.

ಕಾರ್ಯದರ್ಶಿ ನಿಯಮದ ಪುಸ್ತಕ ತೆರೆದರು. ಎರಡನೇ ಪ್ರತಿ ಬಂದರೆ ಕುರ್ಚಿ ಖಾಲಿ ಎಂದಿತ್ತು, ಇಲ್ಲಿ ಇನ್ನೂರನೇ ಪ್ರತಿಯವರೆಗೂ ಬಂದಿದ್ದವು. ಬೇರೆ ಯಾರಲ್ಲೂ ಇಲ್ಲದ್ದು ಈಗ ಈ ಸಭೆಯಲ್ಲಿ ಯಾರ ಬಳಿ ಇದೆ ಎಂದು ಅವರು ಸಮಿತಿಯೊಂದಿಗೆ ಗುಸುಗುಸು ಮಾತಾಡಿದರು. ಕೊನೆಗೆ ಅಜ್ಜಿಯತ್ತ ತಿರುಗಿ ತಲೆಬಾಗಿದರು.

"ಹಾಡಿಗೆ ಇನ್ನೂರು ಪ್ರತಿ ಇದೆ. ನಿಮಗೆ ಎರಡನೇ ಪ್ರತಿ ಇಲ್ಲಮ್ಮ. ಕೂತ್ಕೊಳ್ಳಿ."

ಮೀಟರಪ್ಪ ಎದ್ದು ಜಾಗ ಬಿಟ್ಟ. ಬೇರೆ ದಾರಿಯೂ ಇರಲಿಲ್ಲ, ಅತ್ತೆ ಆಗಲೇ ಅವನ ರಟ್ಟೆ ಹಿಡಿದು ಎಬ್ಬಿಸಿದ್ದರು, ವಯಸ್ಸಾದವರು ನಿಂತಿರುವಾಗ ನೀವು ಕೂತಿರುವುದು ಚೆನ್ನಾಗಿರುವುದಿಲ್ಲ ಎನ್ನುತ್ತ. ಅಜ್ಜಿ ಕುಳಿತರು, ಸೀರೆ ಸರಿಮಾಡಿಕೊಂಡರು, ಸುತ್ತಲೂ ನೋಡಿದರು. ತನಗೆ ಮಂಡಿನೋವು, ಎದ್ದೆದ್ದು ಮುಳ್ಳು ಇಡಲಾಗುವುದಿಲ್ಲ, ಪ್ರತಿ ಭಾನುವಾರ ಆ ಕೆಲಸಕ್ಕೆ ಈ ಮೀಟರಿನವನೇ ಇರಲಿ ಎಂದರು. ಏಕವಚನದಲ್ಲೇ ಅಂದರು. ಕ್ಲಬ್ಬಿನವರು ಅದನ್ನು ಅಲ್ಲಿಂದಲೇ ಹಿಡಿದುಕೊಂಡರು. "ಏಯ್, ಹಾಕೋ," ಎಂದಿತು ಗುಂಪು.

ಹಾಕಿದ. ಮುಗಿಯಿತು. "ಇನ್ನೊಂದ್ಸಲ," ಎಂದರು ಅಜ್ಜಿ. ಹಾಕಿದ. ರೆಕಾರ್ಡು ಸವೆದೀತೆಂದು ಆರು ವರ್ಷ ಕ್ಲಬ್ಬಿನಲ್ಲಿ ವಾರಕ್ಕೊಂದೇ ಸಲ, ಅದೂ ಉಸಿರು ಬಿಗಿಹಿಡಿದು ಹಾಕುತ್ತಿದ್ದ ಹಾಡು. ಮೂರನೇ ಸಲ ಹೆಂಡತಿಯೂ ಬಂದು ಸೇರಿದಳು. ಐದನೇ ಸಲ ಮೇಷ್ಟ್ರು ಟೋಪಿಯ ಕೈ ಹಿಡಿದು ಕುಣಿಯುತ್ತಿದ್ದರು. ಒಬ್ಬರಿಗಾದರೂ ಬೇಸರ ಬಂದೀತು ಎಂದು ಮೀಟರಪ್ಪ ಮುಖ ಮುಖ ನೋಡಿದ, ಒಬ್ಬರಿಗೂ ಬಂದಿರಲಿಲ್ಲ. ಇನ್ನು ಈ ಜನ್ಮದಲ್ಲಿ ಈ ಹಾಡಿನ ಮುಖ ನೋಡುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಮಾಡಿಕೊಂಡ.

"ನೆಟ್ಟಗೆ ನಿಂತು ಮುಳ್ಳು ಇಡಪ್ಪ," ಎಂದರು ಅಜ್ಜಿ ಒಂಬತ್ತನೇ ಸಲ. "ನೀನು ಹಂಗೆ ಕುಣೀತಿದ್ರೆ ರೆಕಾರ್ಡು ಗೀಚಿಹೋಗುತ್ತೆ."