ತೂಕವಿಲ್ಲದ ಉಡುಗೊರೆ

ಗಲ್ಫಿನಲ್ಲಿ ದುಡಿಯುವವರಿಗೆ ಭೂತಪ್ರೇತಗಳ ಭಯ ಕಡಿಮೆ. ನಾವು ಹೆದರುವುದು ಬರಿಗೈಯಲ್ಲಿ ಮನೆಗೆ ಹಿಂದಿರುಗುವುದಕ್ಕೆ ಮತ್ತು ವಿಮಾನ ನಿಲ್ದಾಣದ ತೂಕದ ಯಂತ್ರಕ್ಕೆ. ಈ ಎರಡು ಭಯಗಳ ನಡುವೆ ಸಿಕ್ಕಿಕೊಂಡ ಮನುಷ್ಯ ಎಂಥ ಹಳ್ಳಕ್ಕೂ ಬೀಳುತ್ತಾನೆ. ನಾನಂತೂ ಚೀನಾದವರೆಗೆ ಹೋಗಿ ಬಿದ್ದು ಬಂದೆ.

ಬಹ್ರೇನಿನ ಸನದ್‌ನಲ್ಲಿ ಟೈಲ್ಸ್ ಮಾರುವ ಕಂಪನಿಯೊಂದರಲ್ಲಿ ನನಗೆ ಕೆಲಸ. ಚೀನಾದಿಂದ ಹೊರಟ ಸರಕು ಎಲ್ಲಿದೆ ಎಂದು ದಿನವಿಡೀ ಫೋನಿನಲ್ಲಿ ವಿಚಾರಿಸುವುದೇ ಆ ಕೆಲಸ. ‘ಮಾಲು ತಲುಪಿತಾ?’ ಎಂಬ ಒಂದೇ ಪ್ರಶ್ನೆಯಿಂದ ಸಂಸಾರ ಸಾಗಿಸಿದವನು ನಾನು. ಒಮ್ಮೆ ಕಂಪನಿಯವರು ಟೈಲ್ಸ್ ನೋಡಿಕೊಂಡು ಬಾ ಎಂದು ನನ್ನನ್ನೇ ಅಲ್ಲಿಗೆ ಕಳಿಸಿದರು. ಹೋದರೆ ಕಾರ್ಖಾನೆಯ ಕುಲುಮೆ ಕೆಟ್ಟು ಕೂತಿತ್ತು. ನಮ್ಮ ಏಜೆಂಟ್ ಲಿನ್ ಎಂಬ ಸಜ್ಜನ, “ಸುಮ್ಮನೆ ಕೂತು ಏನು ಮಾಡುತ್ತೀರಿ ಸರ್, ನದಿ ದಂಡೆಯಲ್ಲಿ ಒಂದು ಹಳೇ ಪೇಟೆಯಿದೆ, ನೋಡಿಕೊಂಡಿರಿ, ಸಂಜೆ ಬಂದು ಕರೆದುಕೊಂಡು ಹೋಗುತ್ತೇನೆ” ಎಂದು ತನ್ನ ಕಾರಿನಲ್ಲಿ ತಂದು ಇಳಿಸಿಹೋದ.

ಪೇಟೆ ಚೆಂದವಿತ್ತು. ಕಪ್ಪು ಹೆಂಚಿನ ಮರದ ಮನೆಗಳು, ನೀರಿನವರೆಗೆ ಇಳಿಯುವ ಕಲ್ಲಿನ ಮೆಟ್ಟಿಲುಗಳು, ಕಮಾನಿನ ಸೇತುವೆ, ಅದರಡಿ ಅಲುಗಾಡದೆ ನಿಂತ ದೋಣಿಗಳು. ನನ್ನಜ್ಜಿ ಇದ್ದಿದ್ದರೆ ‘ಗಾಳಿಗೂ ಚಪ್ಪಲಿ ಬಿಟ್ಟು ಬಾ ಅಂದಿದ್ದಾರೆ ನೋಡು’ ಎನ್ನುತ್ತಿದ್ದಳು. ಅಷ್ಟು ಮೌನ. ಬಾಗಿಲುಗಳೆಲ್ಲ ತೆರೆದಿದ್ದವು, ಒಳಗೆ ಊಟದ ಮೇಜಿನ ಮೇಲೆ ಬಟ್ಟಲುಗಳೂ ಇದ್ದವು, ಉಣ್ಣುವವರು ಮಾತ್ರ ಕಾಣಲಿಲ್ಲ. ಓಣಿಯ ತಿರುವು ತಿರುವಿನಲ್ಲೂ ನೆಲದ ಮೇಲೆ ಸುಣ್ಣದ ವೃತ್ತಗಳನ್ನು ಬರೆದಿದ್ದರು. ಕುಂಟೆಬಿಲ್ಲೆಯ ಆಟವಿರಬೇಕು ಎಂದುಕೊಂಡು, ಯಾರೂ ನೋಡುತ್ತಿಲ್ಲವಲ್ಲ ಎಂಬ ಸಂತೋಷದಲ್ಲಿ ಈ ದೊಡ್ಡ ಹೊಟ್ಟೆ ಹೊತ್ತುಕೊಂಡೇ ಒಂದರೊಳಗೆ ಕುಂಟಿ ಹಾರಿದೆ. ಎಲ್ಲಿದ್ದನೋ, ಒಬ್ಬ ಮುದುಕ ಬಂದು ನನ್ನ ತೋಳು ಹಿಡಿದು ಹೊರಗೆಳೆದ. ಬೈಯಲಿಲ್ಲ. ನಾನು ನಿಂತಿದ್ದ ಜಾಗವನ್ನು ನೋಡಿ, ಅಲ್ಲಿದ್ದ ಇನ್ಯಾರದೋ ಕ್ಷಮೆ ಕೇಳುವವನಂತೆ ತಲೆ ಬಾಗಿಸಿ, ಹೊರಟುಹೋದ. ವೃತ್ತದಲ್ಲಿ ಬೂದಿಯಿತ್ತು. ನನ್ನ ಶೂಗೂ ಮೆತ್ತಿತ್ತು. ಅಷ್ಟು ದೊಡ್ಡ ಪೇಟೆಯಲ್ಲಿ ಒಂದೇ ಒಂದು ಮಗುವೂ ಕಂಡಿಲ್ಲವೆಂಬುದು ಆಗ ಹೊಳೆಯಿತು.

ಬುದ್ಧಿಯಿದ್ದವನು ಅಲ್ಲಿಗೇ ಹೆದರಬೇಕಿತ್ತು. ನಾನು ಅಂಗಡಿ ಹುಡುಕಿದೆ. ಟೈಲ್ಸ್‌ನ ಮಾದರಿಗಳೇ ನನ್ನ ಪೆಟ್ಟಿಗೆಯ ತೂಕವನ್ನೆಲ್ಲ ನುಂಗಿದ್ದವು, ಉಡುಗೊರೆಗೆ ಜಾಗವಿರಲಿಲ್ಲ. ಹಾಗಿರುವಾಗ ಸೇತುವೆಯ ಪಕ್ಕದ ಅಂಗಡಿಯೊಂದರಲ್ಲಿ ದೇವರೇ ತೂಗುಹಾಕಿದಂತೆ ಕಾಗದದ ವಸ್ತುಗಳು! ಚಿನ್ನದ ಹೂವಿನ ನಿಲುವಂಗಿ, ಮೆಟ್ಟು, ಕೋಟು, ಕೈಗಡಿಯಾರ, ಎಲ್ಲವೂ ಬಣ್ಣದ ಕಾಗದದ್ದು. ಗೋಡೆಗೆ ಹಾಕುವ ಕರಕುಶಲ ವಸ್ತುಗಳು ಎಂದು ತೀರ್ಮಾನಿಸಿದೆ. ಒಂದು ಹಿಡಿ ಅವಲಕ್ಕಿಯಷ್ಟೂ ಭಾರವಿಲ್ಲ. ಹೆಂಡತಿ ಶಶಿಗೊಂದು ಸೀರೆಯಂಥದ್ದು, ಮ್ಯಾನೇಜರಿಗೊಂದು ಕೋಟು, ಅತ್ತೆಗೆ ಆ ನಿಲುವಂಗಿ ಆರಿಸಿದೆ. ಅಂಗಡಿಯ ಅಜ್ಜಿ ಒಂದೊಂದನ್ನೂ ಲಕೋಟೆಗೆ ಹಾಕಿ, ಕುಂಚ ಹಿಡಿದು, ಯಾರಿಗೆ ಎಂದು ಕೈಸನ್ನೆಯಲ್ಲಿ ಕೇಳಿದಳು. ಎಂಥ ಉಪಚಾರ ಎಂದು ನಾನು ಕರಗಿಹೋದೆ. ಚೀಟಿಯಲ್ಲಿ ಕನ್ನಡದಲ್ಲೇ ಹೆಸರು ಬರೆದುಕೊಟ್ಟೆ. ಅತ್ತೆಯ ಹೆಸರನ್ನು ಅವಳು ಚಿತ್ರ ಬಿಡಿಸಿದಂತೆ ನೋಡಿ ನೋಡಿ ಬರೆದಳು: ‘ಕಲ್ಯಾಣಿ’. ಒತ್ತು, ಗುಡಿಸು ಒಂದೂ ತಪ್ಪಲಿಲ್ಲ. ಬರೆದು ಮುಗಿಸಿ ನನ್ನ ಕೈಯನ್ನು ತನ್ನೆರಡು ಕೈಗಳಲ್ಲಿ ಹಿಡಿದು ಕಣ್ಣೊರೆಸಿಕೊಂಡಳು. ಇಷ್ಟು ಒಳ್ಳೆಯ ಗಿರಾಕಿ ಅವಳಿಗೆ ಸಿಕ್ಕಿರಲಿಕ್ಕಿಲ್ಲ ಎಂದುಕೊಂಡು, ಗಲ್ಫಿನ ಆಫೀಸಿನವರ ಚಟದಂತೆ ನನ್ನ ವಿಸಿಟಿಂಗ್ ಕಾರ್ಡನ್ನೂ ಕೊಟ್ಟೆ. ಅವಳು ಇನ್ನೊಂದು ಪುಟ್ಟ ಲಕೋಟೆಯನ್ನು ಪುಕ್ಕಟೆಯಾಗಿ ಚೀಲಕ್ಕೆ ಸೇರಿಸಿದಳು.

ಬಹ್ರೇನಿನ ಸೆಗಯಾದ ನಮ್ಮ ಫ್ಲ್ಯಾಟಿನಲ್ಲಿ ಆಗ ಅತ್ತೆ ಇದ್ದರು. ಅವರಿಗೆ ಹೃದಯದ ಆಪರೇಷನ್ ಆಗಬೇಕಿತ್ತು. “ಒಂದು ಸಲ ಮಗಳ ಮನೆ ನೋಡಿ ಬರ್ತೇನೆ, ಮತ್ತೆ ಕೊಯ್ಯುವುದಾದರೆ ಕೊಯ್ಯಲಿ” ಎಂದು ಹಟ ಹಿಡಿದು ವಿಸಿಟ್ ವೀಸಾದಲ್ಲಿ ಬಂದಿದ್ದರು. ಮರುವಾರ ಮಂಗಳೂರಿಗೆ ವಾಪಸು. ಹೋದ ಕೂಡಲೇ ಆಸ್ಪತ್ರೆ. ಶಶಿ ಹಗಲೆಲ್ಲ ನಗುತ್ತಿದ್ದಳು, ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು. ಅಂಥ ಮನೆಗೆ ನನ್ನ ಉಡುಗೊರೆ ಬಂತು. ನಿಲುವಂಗಿಯನ್ನು ಹಾಲ್‌ನ ಗೋಡೆಗೆ ತೂಗುಹಾಕಿದೆವು. ಅತ್ತೆ ಅದರಡಿ ನಿಂತರು. ಫೋಟೋ ತೆಗೆದು ಲಿನ್‌ಗೆ ಕಳಿಸಿದೆ.

ಲಿನ್ ತಕ್ಷಣ ಫೋನು ಮಾಡಿದ. ಯಾವಾಗಲೂ ನಗುವ ಮನುಷ್ಯನ ದನಿ ತಗ್ಗಿತ್ತು. “ಸರ್, ನನಗೆ ಗೊತ್ತೇ ಇರಲಿಲ್ಲ. ಮನೆಯಲ್ಲಿ ಯಾರು ತೀರಿಕೊಂಡರು?”

ಅದು ಸತ್ತವರ ತಿಂಗಳಂತೆ. ಆ ಬಟ್ಟೆಗಳು ಸತ್ತವರಿಗಂತೆ. ಹೆಸರು ಬರೆದು, ಸುಣ್ಣದ ವೃತ್ತದೊಳಗಿಟ್ಟು ಸುಟ್ಟರೆ ಅವರಿಗೆ ತಲುಪುತ್ತದಂತೆ. ಫೋನು ಸ್ಪೀಕರಿನಲ್ಲಿತ್ತು. ಲಿನ್‌ನ ಇಂಗ್ಲಿಷು ಅತ್ತೆಗೆ ಅರ್ಥವಾಗದಿದ್ದರೂ ಶಶಿಗೆ ಆಯಿತು. ಅವಳು ನನ್ನನ್ನು ಅಡುಗೆಮನೆಗೆ ಎಳೆದಳು.

“ಬದುಕಿರುವ ಅಮ್ಮನಿಗೆ ಹೆಣದ ಬಟ್ಟೆ ತಂದಿದ್ದೀರಲ್ಲ ಮಾರಾಯ್ರೆ! ನಿಮಗೆ ಚಾಕಲೇಟು ಸಿಗ್ಲಿಲ್ವಾ?”

“ತೂಕ...” ಎಂದೆ.

“ನಿಮ್ಮ ತಲೆಯ ತೂಕ! ಅಮ್ಮನಿಗೆ ಗೊತ್ತಾದ್ರೆ ಆಪರೇಷನ್‌ವರೆಗೂ ಉಳಿಯುದಿಲ್ಲ.”

ತಿರುಗಿ ನೋಡಿದರೆ ಅತ್ತೆ ಬಾಗಿಲಲ್ಲಿದ್ದರು. “ಎಂತದು ಗುಸುಗುಸು? ಅಂಗಿ ಯಾರಿಗೆ ಅಂತ ನನಗೆ ನೋಡಿದ ಕೂಡ್ಲೇ ಗೊತ್ತಾಗಿದೆ. ಆಟಿ ತಿಂಗಳಲ್ಲಿ ಸತ್ತವರಿಗೆ ಬಡಿಸುವಾಗ ನಾವು ಹೊಸ ಬಟ್ಟೆ ಇಡುದಿಲ್ವಾ? ಅವರು ಕಾಗದದ್ದು ಇಡ್ತಾರೆ, ಅಷ್ಟೇ. ತಲುಪುದು ಹೇಗಂತೆ?”

“ಸುಟ್ಟರೆ” ಎಂದೆ.

“ಹಾಗಾದ್ರೆ ಸುಡಬೇಡಿ. ಮುಗೀತಲ್ಲ! ನನ್ನ ಹೆಸರಿಗೆ ಬಂದದ್ದನ್ನು ನಾನು ತಕೊಂಡು ಹೋಗ್ತೇನೆ. ಅಳತೆ ಸರಿ ಉಂಟು.” ಅವರು ಅದನ್ನು ಗೋಡೆಯಿಂದ ತೆಗೆಸಿ ಮಡಚಿದರು. ಬಾಯಿ ನಗುತ್ತಿತ್ತು, ಬೆರಳುಗಳು ಒಂದೇ ಮಡಿಕೆಯನ್ನು ಮತ್ತೆ ಮತ್ತೆ ತೀಡುತ್ತಿದ್ದವು. ಶಶಿ ಆ ಬೆರಳುಗಳನ್ನು ಹಿಡಿದುಕೊಂಡಳು. ಕಿಟಕಿ ಮುಚ್ಚಿತ್ತು, ಏಸಿಯ ಗಾಳಿ ಆ ಮೂಲೆಗೆ ಬರುವುದೇ ಇಲ್ಲ. ಆದರೂ ಮಡಚಿಟ್ಟ ಅಂಗಿಯ ಒಂದು ತೋಳು ತಾನಾಗಿ ಬಿಚ್ಚಿಕೊಂಡು ಮೇಜಿನಿಂದ ಜೋತುಬಿತ್ತು. ಅತ್ತೆ ಅದಕ್ಕೊಂದು ಪೆಟ್ಟು ಕೊಟ್ಟು ಒಳಗೆ ಮಡಚಿದರು. “ನಿಲ್ಲು, ಅವಸರ ಮಾಡಬೇಡ” ಎಂದರು. ಯಾರಿಗೆ ಹೇಳಿದರೋ, ನಾವು ಕೇಳಲಿಲ್ಲ.

ಚೀಲದ ತಳದಲ್ಲಿದ್ದ ಪುಟ್ಟ ಲಕೋಟೆ ಅವರ ಕೈಗೇ ಸಿಕ್ಕಿತು. ಒಳಗೊಂದು ಕಾಗದದ ಮೊಬೈಲು. ಹೆಸರಿರಬೇಕಾದಲ್ಲಿ ಅಂಗಡಿಯ ಅಜ್ಜಿ ನನ್ನ ವಿಸಿಟಿಂಗ್ ಕಾರ್ಡನ್ನು ಅಂಟಿಸಿದ್ದಳು. ಅತ್ತೆ ಕನ್ನಡಕ ಏರಿಸಿಕೊಂಡು, “ನಮಗೆಲ್ಲ ಹೆಸರು ಮಾತ್ರ. ನಿಮ್ಮದರಲ್ಲಿ ಫೋನ್ ನಂಬರೂ ಉಂಟಲ್ಲ ಮಾರಾಯ್ರೆ!” ಎಂದು ಎದೆ ಹಿಡಿದುಕೊಂಡು ನಕ್ಕರು. ಎದೆ ಹಿಡಿದುಕೊಂಡದ್ದು ನೋಡಿ ನಾವಿಬ್ಬರೂ ಓಡಿದೆವು. ನಗುವೇ ಆಗಿತ್ತು.

ಅತ್ತೆಯ ಆಪರೇಷನ್ ಚೆನ್ನಾಗಿ ಆಯಿತು. ನಿಲುವಂಗಿ ಅವರ ಕಪಾಟಿನಲ್ಲಿ ನುಸಿಗುಳಿಗೆಯ ಜೊತೆ ಭದ್ರವಾಗಿದೆ. ಒಲೆಯ ಹತ್ತಿರಕ್ಕೆ ಮಾತ್ರ ತರುವುದಿಲ್ಲವಂತೆ. ಮ್ಯಾನೇಜರ್ ತಮ್ಮ ಕೋಟನ್ನು ಚೌಕಟ್ಟು ಹಾಕಿಸಿ ಆಫೀಸಿನಲ್ಲಿ ತೂಗುಹಾಕಿದ್ದಾರೆ. ಸಂಬಳ ಏರಿಸುವ ಕಾಲ ಹತ್ತಿರವಿರುವುದರಿಂದ ನಾನು ಏನೂ ಹೇಳಿಲ್ಲ. ನನ್ನ ಕಾಗದದ ಮೊಬೈಲು ಬೀರುವಿನ ಮೇಲಿದೆ. ಶಶಿ ದೇವರ ಮುಂದೆ ಊದುಬತ್ತಿ ಹಚ್ಚಿದರೆ ನಾನು ಬೀರುವಿಗೆ ಬೆನ್ನು ಕೊಟ್ಟು ಕಾವಲು ನಿಲ್ಲುತ್ತೇನೆ.

ಈಚೆಗೆ ಒಂದು ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಚೀನಾದ್ದೇ, ಲಿನ್‌ನದಲ್ಲ. ಎತ್ತಿದೆ. ಯಾರೂ ಮಾತಾಡಲಿಲ್ಲ. ಕಲ್ಲಿನ ಮೆಟ್ಟಿಲಿಗೆ ನೀರು ಬಡಿಯುವ ಸದ್ದು ಮಾತ್ರ ಕೇಳುತ್ತಿತ್ತು, ಬಡಿದು, ನಿಂತು, ಮತ್ತೆ ಬಡಿದು. ಇಡಬೇಕೆಂದರೂ ಕೈ ಬರಲಿಲ್ಲ. ಆ ಕಡೆಯವರು ಏನು ಕೇಳಲು ಕಾಯುತ್ತಿದ್ದಾರೆಂದು ಲೋಕದಲ್ಲಿ ನನ್ನಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರಿದ್ದಾರೆ? ಬೀರುವಿನ ಮೇಲಿದ್ದ ಕಾಗದದ ಮೊಬೈಲನ್ನೊಮ್ಮೆ ನೋಡಿ, ಆಫೀಸಿನ ದನಿಯಲ್ಲೇ ಹೇಳಿದೆ: “ಮಾಲು ಇನ್ನೂ ತಲುಪಿಲ್ಲ. ತಲುಪಿದ ಮೇಲೆ ನಾನೇ ತಿಳಿಸುತ್ತೇನೆ.”