ಟೇಕ್ ಆದ ಸೇತುವೆ

ಬೆಳಗಾವಿಯ ಮಹಾಂತೇಶ ನಗರದಲ್ಲಿರುವ ಗ್ರಾಮೀಣ ಪಾದಚಾರಿ ಸೇತುವೆ ಮಂಡಳಿಯಲ್ಲಿ ಕ್ರಿಯಾಪದಗಳ ತೀವ್ರ ಅಭಾವವಿರುವುದು ಕಳೆದ ಬೇಸಿಗೆಯಲ್ಲಿ ಅಧಿಕೃತವಾಗಿ ದೃಢಪಟ್ಟಿತು. ವಿಶ್ವದರ್ಜೆಯ ಸೇತುವೆಗಳಿಗೆ ವಿಶ್ವದರ್ಜೆಯ ಭಾಷೆ ಬೇಕಾದ್ದರಿಂದ ಇನ್ನು ಮುಂದೆ ಟಿಪ್ಪಣಿಗಳೆಲ್ಲ ಇಂಗ್ಲಿಷಿನಲ್ಲಿ ಇರತಕ್ಕದ್ದು ಎಂದು ಮೇಲಿನಿಂದ ಸುತ್ತೋಲೆ ಬಂದಿತ್ತು. ಸಿಬ್ಬಂದಿಯನ್ನು ವಿಚಾರಿಸಲಾಗಿ, ನಾಮಪದಗಳು ಎಲ್ಲರ ಬಳಿಯೂ ಹೇರಳವಾಗಿದ್ದವು: ಫೈಲು, ಟೆಂಡರು, ಬಿಲ್ಲು, ಕಮಿಶನ್ನು. ಅವುಗಳನ್ನು ಏನು ಮಾಡುವುದೆಂದು ಹೇಳುವ ಪದ ಮಾತ್ರ ಯಾರಲ್ಲೂ ಇರಲಿಲ್ಲ.

ಇಂಥ ಬಿಕ್ಕಟ್ಟಿನ ನಡುವೆ ಪ್ರಮಿಳಾ ಮಂಡಳಿಯ ಮೆಟ್ಟಿಲು ಹತ್ತಿದಳು. ಖಾನಾಪುರದಾಚೆ ಕಾಡಿನಂಚಿನ ತೇಗಿನವಾಡಿಯ ಸರಕಾರಿ ಶಾಲೆಯಲ್ಲಿ ಅವಳು ಇಂಗ್ಲಿಷ್ ಕಲಿಸುತ್ತಿದ್ದಳು. ಶಾಲೆ ಮತ್ತು ಊರಿನ ಅರ್ಧ ಹಳ್ಳದ ಈ ದಂಡೆಯಲ್ಲಿ, ಉಳಿದರ್ಧ ಆ ದಂಡೆಯಲ್ಲಿ. ನಡುವೆ ಒಂದು ಕಬ್ಬಿಣದ ಬ್ರಿಜ್.

"ಎರಡ ಹಲಗಿ ಮುರದಾವ್ರಿ ಸರ್," ಎಂದಳು ಅವಳು ಮಂಡಳಿಯ ಮುಖ್ಯಸ್ಥ ಬಾಳಪ್ಪ ಸಾಹೇಬರಿಗೆ. "ಸಾಲಿ ಹುಡುಗರು ಕುಂತ್ಕೊಂಡು ಸರಕೋತ ದಾಟ್ತಾರ. ಮಳಿಗಾಲ ಬರೂದರೊಳಗ ರಿಪೇರಿ ಆಗಬೇಕ್ರಿ."

"ನೀವು ಯಾವ ವಿಷಯದ ಟೀಚರ್ ರೀ?"

"ಇಂಗ್ಲಿಷ್ ರೀ."

"ಕುಂದರ್ರಿ, ಕುಂದರ್ರಿ," ಎಂದು ಸಾಹೇಬರು ತಾವೇ ಎದ್ದು ಫ್ಯಾನು ಹಾಕಿದರು. "ನಮ್ಮ ಮಂದಿಗೆ ಒಂದ ಕ್ರಿಯಾಪದ ಪೂರ್ತಿ ಕಲಿಸಿಕೊಡ್ರಿ. ನಿಮ್ಮ ಬ್ರಿಜ್ ನಮಗ ಬಿಡ್ರಿ."

ಬೇಸಿಗೆ ರಜೆ ಹೇಗೂ ಇತ್ತು. ಮಕ್ಕಳ ಸಲುವಾಗಿ ಪ್ರಮಿಳಾ ಒಪ್ಪಿದಳು. ಮರುದಿನ ಸಭಾಂಗಣದ ಬೋರ್ಡಿನ ಮೇಲೆ ದೊಡ್ಡದಾಗಿ 'ಟೇಕ್' ಎಂದು ಬರೆದು, "ಅಂದ್ರ, ತಗೊಳ್ಳೂದು," ಎಂದಳು. ಎಲ್ಲರೂ ಗೌರವದಿಂದ ತಲೆಯಾಡಿಸಿದರು. ಹೆಚ್ಚಿನ ವಿವರಣೆ ಬೇಕೆಂದು ಯಾರಿಗೂ ಅನಿಸಲಿಲ್ಲ.

ಮೊದಲು ನಾಮಪದಗಳ ಜೋಡಣೆ ನಡೆಯಿತು. ಟೇಕ್ ಆ್ಯಕ್ಷನ್ ಅಂದರೆ ಕ್ರಮ ತಗೊಳ್ಳುವುದು. ಟೇಕ್ ಲೀವ್, ರಜೆ. ಟೇಕ್ ಟೈಮ್, ಸಮಯ. ಇದನ್ನು ಸಿಬ್ಬಂದಿ ಬೇಗ ಗ್ರಹಿಸಿದರು. ಟೇಕ್ ಪ್ಲೇಸ್ ಬಂದಾಗ ಉಗ್ರಾಣದ ಗುಮಾಸ್ತ ಓಂಕಾರ ಕೈ ಎತ್ತಿದ.

"ಪ್ಲೇಸ್ ಅಂದ್ರ ಜಾಗಾ ಅಲ್ರಿ, ಮೇಡಂ? ಟಿಳಕವಾಡ್ಯಾಗ ಸಾಹೇಬ್ರು ತಗೊಂಡಾರಲ್ಲ, ಹಂಗೇನ್ರಿ?"

"ಅಲ್ಲರೀ. ಟೇಕ್ ಪ್ಲೇಸ್ ಅಂದ್ರ ಜರಗೂದು."

"ಅದೂ ಜರಗಿದ್ದ ಹೌದಲ್ರಿ," ಎಂದು ಓಂಕಾರ ಬರೆದುಕೊಂಡ.

ಆಮೇಲೆ ಪ್ರಮಿಳಾ ಕಷ್ಟದ ಭಾಗಕ್ಕೆ ಬಂದಳು. "ಟೇಕ್ ಹಿಂದ ಒಂದ ಸಣ್ಣ ಬಾಲ ಹಚ್ಚಿದ್ರ ಅರ್ಥನ ಬ್ಯಾರೆ ಆಗ್ತದ. 'ಅಪ್' ಹಚ್ಚಿದ್ರ ಕೆಲಸ ಕೈಗೆತ್ತಿಕೊಳ್ಳೂದು. 'ಡೌನ್' ಹಚ್ಚಿದ್ರ ಬರಕೊಳ್ಳೂದು, ಇಲ್ಲಾ ಕೆಳಗ ಇಳಿಸಿ ಬಿಚ್ಚೂದು. 'ಅವೇ' ಹಚ್ಚಿದ್ರ ಒಯ್ಯೂದು. ಯಾವ ಅರ್ಥ ಅಂತ ಸಂದರ್ಭ ನೋಡಿ ತಿಳ್ಕೋಬೇಕು."

"ಸಂದರ್ಭ ಯಾವ ಸೆಕ್ಷನ್ನಿಗೆ ಬರ್ತದ್ರಿ?" ಎಂದು ಓಂಕಾರ ಕೇಳಿದ.

ಪ್ರಶ್ನೆ ಯೋಗ್ಯವಾಗಿತ್ತು. ಸಂಜೆಯೊಳಗೆ ಕಚೇರಿ ಆದೇಶ ಹೊರಬಿತ್ತು: "ಗೊಂದಲ ನಿವಾರಣೆಯ ಹಿತದೃಷ್ಟಿಯಿಂದ 'ಟೇಕ್' ಕ್ರಿಯಾಪದವನ್ನು ಎಲ್ಲರಿಗೂ ಸಮಾನವಾಗಿಯೂ, ಅದರ ಬಾಲಪದಗಳನ್ನು ಶಾಖಾವಾರಾಗಿಯೂ ಹಂಚಲಾಗಿದೆ. ಕಾಮಗಾರಿ ಶಾಖೆಗೆ 'ಅಪ್'. ದೂರು ಶಾಖೆಗೆ 'ಡೌನ್'. ಉಗ್ರಾಣಕ್ಕೆ 'ಅವೇ'. ಒಂದು ಶಾಖೆಯ ಬಾಲಪದವನ್ನು ಮತ್ತೊಂದು ಶಾಖೆ ಬಳಸಿದಲ್ಲಿ ಶಿಸ್ತುಕ್ರಮ ಟೇಕ್ ಮಾಡಲಾಗುವುದು. ಸಂದರ್ಭದ ಹುದ್ದೆ ಖಾಲಿಯಿದ್ದು, ಅದು ಭರ್ತಿಯಾಗುವವರೆಗೆ ಯಾರೂ ಸಂದರ್ಭ ನೋಡತಕ್ಕದ್ದಲ್ಲ."

ಪ್ರಮಿಳಾಳ ಬ್ರಿಜ್‌ಗೇ ಮೊದಲ ಪ್ರಾಶಸ್ತ್ಯ ಸಿಕ್ಕಿತು. ಕಾಮಗಾರಿ ಶಾಖೆ ಅದನ್ನು 'ಟೇಕ್ ಅಪ್' ಮಾಡುವಂತೆ ಆದೇಶಿಸಿದಾಗ ಅವಳಿಗೆ ಖುಷಿಯಾಯಿತು. ಆ ಖುಷಿ ತೇಗಿನವಾಡಿಯಿಂದ ಪದ್ಮವ್ವನ ಫೋನು ಬರುವವರೆಗೆ ಉಳಿಯಿತು. ಪದ್ಮವ್ವ ಆ ದಂಡೆಯಲ್ಲಿ ಕುರಿ ಸಾಕಿಕೊಂಡಿದ್ದವಳು. ಅವಳ ಮೊಮ್ಮಗಳು ಮನಿಷಾ ಪ್ರಮಿಳಾಳ ತರಗತಿಯಲ್ಲಿದ್ದಳು.

"ಅಕ್ಕೋರ, ಕ್ರೇನ್ ಬಂದು ಬ್ರಿಜ್ ಎತ್ತಿ ಹಿಡದೈತ್ರಿ. ಮುಂಜಾನಿಂದ ಗಾಳ್ಯಾಗ ಜೋತಾಡಾಕತ್ತೈತಿ. ಕೆಳಗ ಇಡ್ರೋ ಅಂದ್ರ ಇಡವಲ್ರು."

"ಯಾಕಂತ?"

"ಆರ್ಡರಿನ್ಯಾಗ ಬರೇ 'ಅಪ್' ಐತಂತ್ರಿ."

ಪ್ರಮಿಳಾ ಸಾಹೇಬರ ಕೋಣೆಗೆ ಓಡಿದಳು. "ಸರ್, ಟೇಕ್ ಅಪ್ ಅಂದ್ರ ಕೆಲಸ ಎತ್ತಿಕೊಳ್ಳೂದು ಅಂತ ಹೇಳಿದ್ದೆ!"

"ಎತ್ತಿಕೊಂಡೇವಲ್ರಿ," ಎಂದರು ಬಾಳಪ್ಪ ಸಾಹೇಬರು. "ಇಳಸಬೇಕಂದ್ರ 'ಡೌನ್' ಬೇಕಾಗ್ತದ. ಅದು ದೂರು ಶಾಖೆದ್ದು. ಒಂದು ದೂರು ಕೊಡ್ರಿ."

ಅವಳು ನಿಂತಲ್ಲೇ ದೂರು ಬರೆದು ಕೊಟ್ಟಳು. ದೂರು ಶಾಖೆ ವಿಳಂಬವಿಲ್ಲದೆ 'ಟೇಕ್ ಡೌನ್' ಎಂದು ಆದೇಶಿಸಿತು. ಮಧ್ಯಾಹ್ನದ ಹೊತ್ತಿಗೆ ಬ್ರಿಜ್ ಕೆಳಗಿಳಿಯಿತು. ಸಂಜೆಯ ಹೊತ್ತಿಗೆ ಅದರ ತೊಲೆ, ಕಂಬಿ, ಹಲಗೆಗಳು ಬಿಡಿಬಿಡಿಯಾಗಿ ದಂಡೆಯ ಮೇಲೆ ಬಿದ್ದಿದ್ದವು. ಹೀಗೆ ಅನಾಥವಾಗಿ ಬಿದ್ದ ಸರಕಾರಿ ಸಾಮಾನನ್ನು ಉಗ್ರಾಣ ಶಾಖೆ ನಿಯಮಾನುಸಾರ 'ಟೇಕ್ ಅವೇ' ಮಾಡಿತು.

ಮುಂದಿನ ವಾರ ಪ್ರಮಿಳಾ ಬ್ರಿಜ್‌ನ ಕಂಬಿಗಳನ್ನು ಟಿಳಕವಾಡಿಯಲ್ಲಿ, ಬಾಳಪ್ಪ ಸಾಹೇಬರ ಹೊಸ ಮನೆಯ ಬಾಲ್ಕನಿಯಲ್ಲಿ ಕಂಡಳು. ಹಲಗೆಗಳು ಖಾಸಬಾಗದಲ್ಲಿ ಓಂಕಾರನ ಮನೆಯ ಅಟ್ಟ ಸೇರಿದ್ದವು.

"ಇದು 'ಟೇಕ್ ಹೋಮ್' ರೀ ಮೇಡಂ," ಎಂದ ಓಂಕಾರ.

"ಹೋಮ್ ನಾ ಕಲಿಸಿದ್ದಿಲ್ಲಲ್ಲ."

"ಸ್ವಂತ ಅಭ್ಯಾಸ ರೀ," ಎಂದು ಅವನು ವಿನಯದಿಂದ ತಲೆ ತಗ್ಗಿಸಿದ.

ಪ್ರಮಿಳಾಳಿಗೆ ಊಟ ಸೇರಲಿಲ್ಲ. ಬೋರ್ಡಿನ ಮೇಲೆ ಆ ಪದ ಬರೆದದ್ದು ತನ್ನದೇ ಕೈ. ಅಷ್ಟರಲ್ಲಿ ಮಳೆ ಹಿಡಿಯಿತು, ಹಳ್ಳ ತುಂಬಿತು, ಶಾಲೆ ಶುರುವಾಯಿತು; ಬ್ರಿಜ್ ಇಲ್ಲದೆ ಹೇಗೆ ಮರಳುವುದೆಂದು ಪ್ರಮಿಳಾ ರಜೆ ಹಾಕಿ ಮಂಡಳಿಯಲ್ಲೇ ಉಳಿದಿದ್ದಳು. ಪದ್ಮವ್ವ ಕಾಡು ಸುತ್ತಿ, ಖಾನಾಪುರದಲ್ಲಿ ಬಸ್ಸು ಹಿಡಿದು, ತೋಯ್ದ ಕಂಬಳಿ ಹೊದ್ದುಕೊಂಡೇ ಮಂಡಳಿಗೆ ಬಂದಳು.

"ಮನಿಷಾ ಸಾಲಿಗೆ ಹೋಗ್ತೀನಂತ ನೀರಿಗೆ ಕಾಲ ಇಟ್ಟಿದ್ಲು, ಅಕ್ಕೋರ. ಜಡಿ ಹಿಡದು ಎಳದೀನಿ," ಎಂದಳು. ಕಂಬಳಿಯ ನೀರು ಹಿಂಡುತ್ತ, "ಬ್ರಿಜ್ ಎಲ್ಲೈತ್ರಿ?" ಎಂದಷ್ಟೇ ಕೇಳಿದಳು.

ಪ್ರಮಿಳಾ ಅವಳ ಕೈ ಹಿಡಿದು ನೆಟ್ಟಗೆ ಸಾಹೇಬರ ಮುಂದೆ ನಿಲ್ಲಿಸಿದಳು. "ಸರ್, ನಿಮ್ಮ ಮಂದಿಗೆ ಇನ್ನೊಂದು ಕ್ರಿಯಾಪದ ಕಲಿಸ್ತೀನಿ. 'ಗಿವ್'. ಕೊಡೂದು. ಅದು ಬರೂತನಾ ನಾ ಇಲ್ಲಿಂದ ಏಳಾಂಗಿಲ್ಲ."

ಮಂಡಳಿ ಈ ಬೇಡಿಕೆಯನ್ನು ಅನುಕಂಪದಿಂದಲೇ ಪರಿಶೀಲಿಸಿತು. ತರಬೇತಿ ನಡೆಯಿತು. ಎಲ್ಲರೂ ಬಾಯಿ ತೆರೆದರು. 'ಗಿ' ಬಂತು, 'ವ್' ಬರಲಿಲ್ಲ. ಇಬ್ಬರು ದವಡೆ ನೋವೆಂದು ವೈದ್ಯಕೀಯ ರಜೆ ಟೇಕ್ ಮಾಡಿದರು. ಕೊನೆಗೆ, ಹೊಸ ಕ್ರಿಯಾಪದವನ್ನು ಪ್ರಾಯೋಗಿಕವಾಗಿ ಒಂದೇ ಒಂದು ಸಲ, ಈಗಾಗಲೇ ಮಂಜೂರಾದ ಬಾಲಪದದ ಜೊತೆಗೆ ಮಾತ್ರ ಬಳಸಬಹುದೆಂದು ತೀರ್ಮಾನವಾಯಿತು. 'ಅವೇ' ಹಚ್ಚಿದರೆ ದಾನ ಮಾಡಿದಂತಾಗುತ್ತದೆ ಎಂದು ಉಗ್ರಾಣ ತಕರಾರು ತೆಗೆಯಿತು. 'ಡೌನ್' ಹೊಂದಲಿಲ್ಲ. ಉಳಿದದ್ದು 'ಅಪ್'.

"ಗಿವ್ ಅಪ್," ಎಂದು ಓದಿದರು ಸಾಹೇಬರು. "ಏನರ್ಥ ರೀ?"

ಪ್ರಮಿಳಾ ಕೈಯಲ್ಲಿದ್ದ ಸೀಮೆಸುಣ್ಣ ಕೆಳಗಿಟ್ಟಳು. "ಕೈಬಿಡೂದು," ಎಂದಳು.

"ಸರಿನ ಐತಿ. ಕೈಗೆತ್ತಿಕೊಂಡಿದ್ದನ್ನ ಯಾವಾಗರ ಕೈಬಿಡಬೇಕಲ್ರಿ." ಸಾಹೇಬರು ತೇಗಿನವಾಡಿ ಬ್ರಿಜ್‌ನ ಕಡತದ ಮೇಲೆ 'ಗಿವ್ ಅಪ್' ಎಂದು ಬರೆದು ಸಹಿ ಹಾಕಿದರು. ಮಂಡಳಿ ಸ್ಥಾಪನೆಯಾದಂದಿನಿಂದ 'ಗಿವ್' ಎಂಬ ಪದ ಕಡತವೊಂದರಲ್ಲಿ ಕಾಣಿಸಿಕೊಂಡದ್ದು ಅದೇ ಮೊದಲು. ಮೇಲಿನವರಿಂದ ಅಭಿನಂದನಾ ಪತ್ರ ಬಂತು.

ಪ್ರಮಿಳಾ ತೇಗಿನವಾಡಿಗೆ ಮರಳಿದಳು. ಮೊದಲ ದಿನ ತರಗತಿಯಲ್ಲಿ ಅರ್ಧ ಮಕ್ಕಳಿದ್ದರು. ಉಳಿದ ಅರ್ಧ ಮಕ್ಕಳು ಮಳೆಗೆ ಕಂಬಳಿಯ ಗೊಪ್ಪೆ ಹೊದ್ದು ಹಳ್ಳದ ಆ ದಂಡೆಯಲ್ಲಿ ಸಾಲಾಗಿ ಕುಳಿತಿದ್ದರು, ಮನಿಷಾ ಎಲ್ಲರಿಗಿಂತ ಮುಂದೆ. ಪ್ರಮಿಳಾ ಒಳಗೊಮ್ಮೆ ಹೊರಗೊಮ್ಮೆ ನೋಡಿದಳು. ಆಮೇಲೆ ಬೋರ್ಡನ್ನು ಕಳಚಿಸಿ ಈ ದಂಡೆಗೆ ತರಿಸಿದಳು ಮತ್ತು ಕೂಗಿ ಪಾಠ ಹೇಳಲು ತೊಡಗಿದಳು.

ಶಿಕ್ಷಣ ಇಲಾಖೆಯವರು ಬಂದು ನೋಡಿ, ಇದನ್ನು ದೂರಶಿಕ್ಷಣವೆಂದು ಮಾನ್ಯ ಮಾಡಿದರು. ಊರವರು ಚಂದಾ ಎತ್ತಿ ಎರಡೂ ದಂಡೆಗೆ ತಗಡಿನ ನೆರಳು ಹಾಕಿಸಿದರು. ಉದ್ಘಾಟನೆಗೆ ಬಾಳಪ್ಪ ಸಾಹೇಬರೇ ಬಂದರು. ಆ ದಂಡೆಯವರು ಅವರಿಗೆ ಹಾರಕ್ಕೆ ಕಲ್ಲು ಕಟ್ಟಿ ಎಸೆದರು. ಸಾಹೇಬರು ತಲೆ ಬಗ್ಗಿಸಿ, ಹಾರ ಆರಿಸಿಕೊಂಡು, ಸೇತುವೆಯೇ ಇಲ್ಲದೆ ಎರಡು ದಂಡೆಗಳು ಇಷ್ಟು ಹತ್ತಿರವಾದದ್ದನ್ನು ತಾವು ಬೇರೆಲ್ಲೂ ಕಂಡಿಲ್ಲ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರಮಿಳಾ ಕೂಡ ತಟ್ಟಿದಳು.

ಶ್ರಾವಣದಲ್ಲಿ ಹಳ್ಳದ ಸದ್ದು ಹೆಚ್ಚಿತು. ಒಂದು ದಿನ ಪಾಠದ ನಡುವೆ ಪದ್ಮವ್ವ ಆ ದಂಡೆಯಿಂದ ಎದ್ದು ನಿಂತು ಕೂಗಿದಳು: "ಅಕ್ಕೋರ, ನಿಮ್ಮ ದೊಡ್ಡ ಶಬ್ದ ಈ ದಂಡಿಗೆ ಬರ್ತಾವ್ರಿ. ಸಣ್ಣಸಣ್ಣವು ನೀರಾಗ ಬೀಳ್ತಾವು."

ಪ್ರಮಿಳಾ ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಉತ್ತರಿಸಿದಳು: "ಬೀಳಲಿ ಬಿಡ್ರಿ. ಬಾಲಪದ ಈ ವರ್ಷ ಪರೀಕ್ಷಾದಾಗ ಬರೂದಿಲ್ಲ."

ಪದ್ಮವ್ವ ಸಮಾಧಾನದಿಂದ ಕುಳಿತಳು. ಪಾಠ ಮುಂದುವರಿಯಿತು.