ಬರ್ತೇವ್ರಿ ಎಂದ ಮೇಲಿನ ಮಾತು

ನಮ್ಮ ಕಡೆಯ ಜನ ಇನ್ನೊಬ್ಬರ ಮನೆಗೆ ಹೋಗುವುದೇ ಅಲ್ಲಿಂದ ಹೊರಡುವುದಕ್ಕೆ ಎಂಬುದು ನನ್ನ ಬಹುಕಾಲದ ಅನುಮಾನ. ಒಳಗೆ ಕುಳಿತಿರುವಷ್ಟು ಹೊತ್ತು ಫ್ಯಾನು ನೋಡುತ್ತ, ಅವಲಕ್ಕಿಯೊಳಗಿನ ಶೇಂಗಾ ಹೆಕ್ಕುತ್ತ, “ಮತ್ತ?” “ಮತ್ತೇನಿಲ್ರಿ, ನೀವ ಹೇಳ್ರಿ” ಎಂದು ಕಾಲ ನೂಕುತ್ತಾರೆ. “ಬರ್ತೇವ್ರಿ ಹಂಗಾರ” ಎಂದು ಎದ್ದು ಚಪ್ಪಲಿಯಲ್ಲಿ ಕಾಲು ತೂರಿಸಿದ್ದೇ ತಡ, ಯಾರ ಸೊಸೆ ಯಾರಿಗೆ ಎದುರು ಮಾತಾಡಿದಳು, ಯಾರ ಕಿಡ್ನಿಯಲ್ಲಿ ಹರಳು ಸಿಕ್ಕಿತು, ಎಲ್ಲವೂ ದಬದಬನೆ ಹೊರಗೆ ಬೀಳುತ್ತವೆ. ನಮ್ಮ ಆಫೀಸಿನಲ್ಲೂ ಇದೇ ಹಣೆಬರಹ. ಸಾಹೇಬರು ಮೀಟಿಂಗ್ ಮುಗಿಯಿತು ಎಂದ ಮೇಲೆಯೇ ಬಾಗಿಲ ಬಳಿ ನಿಜವಾದ ಮೀಟಿಂಗ್ ಶುರು. ಒಳಗೆ ತುಟಿ ಬಿಚ್ಚದವರು ಅಲ್ಲಿ ಚೌಕಟ್ಟು ಹಿಡಿದುಕೊಂಡು ಭಾಷಣ ಬಿಗಿಯುತ್ತಾರೆ. ಬೈಲಹೊಂಗಲದಲ್ಲಿ ಈ ರೋಗ ತಗಲದ ಮನುಷ್ಯ ನಾನೊಬ್ಬನೇ ಎಂದು ಮೊನ್ನೆಯ ಭಾನುವಾರದವರೆಗೆ ತಿಳಿದಿದ್ದೆ.

ಅಂದು ಸಂಜೆ ನಾಲ್ಕಕ್ಕೆ ದೇಗಾಂವದಿಂದ ಹೆಣ್ಣಿನವರು ನಮ್ಮ ಮನೆ ನೋಡಲು ಬರುವವರಿದ್ದರು, ನನ್ನ ತಮ್ಮ ಬಸವರಾಜನ ಸಲುವಾಗಿ. ಈ ಹಿಂದೆ ಬಂದ ಎರಡು ಸಂಬಂಧಗಳು ಅವನ ಬಾಯಿಂದಾಗಿಯೇ ತಪ್ಪಿದ್ದವು. ಹಾಗೆಂದು ಅವನೇನೂ ಕೆಟ್ಟ ಮಾತಾಡುವವನಲ್ಲ. ಹೊಸಬರನ್ನು ಕಂಡರೆ ಮಾತೇ ಆಡುವುದಿಲ್ಲ. ಒಬ್ಬರಂತೂ ಹುಡುಗ ಮೂಕನೇ ಎಂದು ಓಣಿಯಲ್ಲಿ ವಿಚಾರಿಸಿ ಹೋಗಿದ್ದರು. ಈ ಸಲವಾದರೂ, ತಂದೆತಾಯಿಯಿಲ್ಲದ ಮನೆಗೆ ಹಿರಿಯನಾದ ನಾನು ಪಕ್ಕದಲ್ಲಿ ಕುಳಿತು ಅವನ ಪಾಲಿನ ಮಾತನ್ನೂ ಆಡಬೇಕಿತ್ತು. ಆದರೆ ಅದೇ ದಿನ ಯರಗಟ್ಟಿಯಲ್ಲಿ ನನ್ನ ಹೆಂಡತಿ ಸುವರ್ಣಳ ಅಕ್ಕ ಗಂಗವ್ವನ ಮೊಮ್ಮಗಳಿಗೆ ಹೆಸರಿಡುವ ಕಾರ್ಯ. ಹೋಗದಿದ್ದರೆ ಜನ್ಮಪೂರ್ತಿ ಮಾತು ಕೇಳಬೇಕು. “ಉಂಡ ಕೂಡ್ಲೇ ಹೊಂಡೂಣು, ನಿಮ್ಮ ಅಕ್ಕನ್ನ ಮಾತಿಗೆ ಹಚ್ಚಬ್ಯಾಡ” ಎಂದು ಹೆಂಡತಿಗೆ ಬಸ್ಸಿನಲ್ಲೇ ತಾಕೀತು ಮಾಡಿದೆ.

ಹೊರಡುವುದಕ್ಕೆ ಅಷ್ಟು ಹೊತ್ತು ಬೇಕಾಗುವುದಾದರೆ ಮೊದಲೇ ಶುರು ಮಾಡಿದರಾಯಿತಲ್ಲ ಎಂಬ ಯುಕ್ತಿಯೊಂದು ಹೊಳೆಯಿತು. ಹೊಸ್ತಿಲು ದಾಟಿ, ತಂಬಿಗೆ ನೀರು ಕೈಗೆ ಬರುತ್ತಲೇ “ಬರ್ತೇವ್ರಿ ಅಕ್ಕಾರ” ಎಂದುಬಿಟ್ಟೆ. ಗಂಗವ್ವನ ಮುಖ ಬಾಡಿತು. “ಯಾಕ್ರಿ, ಏನ ತಪ್ಪಾತು ನಮ್ಮಿಂದ? ಕರಿಯಾಕ ನಾವ ಖುದ್ದ ಬರಲಿಲ್ಲಂತ ಸಿಟ್ಟೇನ್ರಿ?” ಎಂದು ಸೆರಗನ್ನು ಕಣ್ಣಿಗೊತ್ತಿಕೊಂಡಳು. ಸಿಟ್ಟಿಲ್ಲವೆಂದು ತೋರಿಸಲು ನಾನು ಹೆಚ್ಚಿಗೆ ಎರಡು ಹೋಳಿಗೆ ತಿನ್ನಬೇಕಾಯಿತು. ಆಮೇಲೆ ನಿಜವಾಗಿ ಹೊರಟಾಗ ಸುವರ್ಣಳಿಗೆ ಉಡಿ ತುಂಬಬೇಕೆಂದರು. ಉಡಿಗೆ ಹಾಕುವ ಕುಬಸದ ಬಟ್ಟೆ ಟ್ರಂಕಿನಲ್ಲಿ, ಟ್ರಂಕಿನ ಮೇಲೆ ಹಾಸಿಗೆ, ಹಾಸಿಗೆಯ ಮೇಲೆ ಮಲಗಿದ ಮುದುಕಿ. ಅಂತೂ ಬಸ್ ಸ್ಟ್ಯಾಂಡ್ ಮುಟ್ಟುವ ಹೊತ್ತಿಗೆ ನನ್ನ ರಕ್ತ ಕುದಿಯುತ್ತಿತ್ತು.

ಕಳಿಸಿಕೊಡಲು ಗಂಗವ್ವನ ಗಂಡ, ಅಂದರೆ ನನ್ನ ಷಡ್ಡಕ ಮಲ್ಲಪ್ಪಣ್ಣ, ಜೊತೆಗೆ ಬಂದಿದ್ದರು. ಬಸ್ಸು ನಿಂತಿತ್ತು. ಸುವರ್ಣ ಹತ್ತಿ ಕಿಟಕಿ ಪಕ್ಕ ಕುಳಿತಳು. ನಾನೂ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟೆ. ಅಷ್ಟಕ್ಕೇ ಮುಗಿಸಬೇಕಿತ್ತು.

“ಅಣ್ಣಾರ, ಒಂದ ಮಾತ ಹೇಳ್ತೇನಿ, ಬ್ಯಾಸರಾ ಮಾಡ್ಕೋಬ್ಯಾಡ್ರಿ,” ಎಂದೆ. “ನಮ್ಮ ಮಂದಿ ಹಾಳಾಗಿದ್ದೇ ಈ ಹೊಂಟ ನಿಂತ ಮಾತಿನಿಂದ. ಬರ್ತೇವಂದ್ರ ಹೋಗಿಬಿಡಬೇಕು!” ಹೋಗುವುದು ಹೇಗೆಂದು ಕೈಬೀಸಿ ತೋರಿಸಲು ಜಾಗ ಸಾಲದೆ ಮೆಟ್ಟಿಲ ಮೇಲಿನ ಕಾಲನ್ನು ಕೆಳಗಿಳಿಸಿದೆ. ಆಫೀಸಿನ ಉದಾಹರಣೆ ಕೊಟ್ಟೆ. ಮಲ್ಲಪ್ಪಣ್ಣ ಭಕ್ತಿಯಿಂದ ಕೇಳುತ್ತಿದ್ದರು. ನಡುವೆ ಎಲ್ಲೋ “ರೈಟ್” ಎಂಬ ಶಬ್ದ ಕೇಳಿಸಿತು. ತಿರುಗಿ ನೋಡಿದರೆ ಬಸ್ಸು ಸ್ಟ್ಯಾಂಡು ದಾಟಿತ್ತು. ಕಿಟಕಿಯಿಂದ ಹೆಂಡತಿಯ ಕೈಯೊಂದೇ ಹೊರಗೆ ಚಾಚಿ ನನ್ನನ್ನು ಬೈಯುತ್ತಿತ್ತು.

“ಖರೇ ಅಂದ್ರಿ ನೋಡ್ರಿ,” ಎಂದರು ಮಲ್ಲಪ್ಪಣ್ಣ. “ಮುಂದ?”

ಮುಂದಿನ ಬಸ್ಸಿನಲ್ಲಿ ನಾನು ಕುಳಿತದ್ದು ಹೆಸರಿಗೆ ಮಾತ್ರ. ಬಾಯಿ ಬಾರದ ತಮ್ಮ ನಾನಿಲ್ಲದೆ ಏನಾದನೋ ಎಂದು ಪ್ರತಿ ಸ್ಟಾಪಿಗೂ ಎದ್ದು ನಿಲ್ಲುತ್ತಿದ್ದೆ. ಮನೆ ಮುಟ್ಟಿದಾಗ ಅಂದುಕೊಂಡ ಹಾಗೆಯೇ ಆಗಿತ್ತು. ಹೆಣ್ಣಿನವರು ಎದ್ದು ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಿದ್ದರು. ಬಸವರಾಜ ಕಂಬಕ್ಕೊರಗಿ ಇನ್ನೊಂದು ಕಂಬದಂತೆ ನಿಂತಿದ್ದ. ಸುವರ್ಣ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ.

“ಹಿರ್ಯಾರಿಲ್ಲದ ಮನ್ಯಾಗ ಏನ ಮಾತಾಡೂದ್ರಿ? ಬರ್ತೇವ್ರಿ” ಎಂದರು ಹುಡುಗಿಯ ತಂದೆ, ಮುಖ ಗಂಟು ಹಾಕಿಕೊಂಡು.

ಬರ್ತೇವ್ರಿ ಅಂದರಲ್ಲ! ನನಗೆ ಹೋದ ಜೀವ ಬಂದಂತಾಯಿತು. ಸುಮ್ಮನೆ ಅವರ ಪಕ್ಕದಲ್ಲಿ ನಿಂತೆ. ಅವರು ಒಂದು ಚಪ್ಪಲಿ ಹಾಕಿಕೊಂಡು, ಇನ್ನೊಂದನ್ನು ಕಾಲಲ್ಲೇ ಹುಡುಕುತ್ತ ಕೇಳಿದರು, “ಅಲ್ಲರೀ, ನಿಮಗ್ಯಾಕ ಇಷ್ಟ ತಡಾ ಆತು?”

“ಷಡ್ಡಕನ ಜೋಡಿ ಮಾತಾಡ್ಕೋತ ನಿಂತಿದ್ದೆ. ಬಸ್ ಹೋಗಿದ್ದ ಗೊತ್ತಾಗಲಿಲ್ರಿ.”

ಅವರು ಚಪ್ಪಲಿ ಹುಡುಕುವುದನ್ನು ಬಿಟ್ಟರು. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕು ತಮ್ಮ ಹೆಂಡತಿಯ ಕಡೆ ತಿರುಗಿದರು. “ಕೇಳಿದೇನ? ಷಡ್ಡಕನ್ನ ಬಿಟ್ಟ ಬರಾಕ ಆಗದವರು, ನಮ್ಮ ಹುಡುಗೀನ ಹೆಂಗ ಕೈಬಿಟ್ಟಾರು?” ಅಲ್ಲಿಂದ ಶುರುವಾಯಿತು ನೋಡಿ. ಹೊಲ, ಮನೆ, ಹುಡುಗಿಯ ಹಟ, ತಮ್ಮನ ನಾಚಿಕೆ, ಎಲ್ಲವೂ ಅಂಗಳದಲ್ಲಿ ನಿಂತೇ ಮುಗಿದವು. ನಗುವಿನ ಭರಕ್ಕೆ ಬಸವರಾಜನೂ ಬಾಯಿಬಿಟ್ಟು “ಒಳಗ ಬರ್ರಿ, ಚಹಾ ಕುಡೀರಿ” ಎಂದ. ಹುಡುಗಿಯ ತಾಯಿ ಬೆರಗಾಗಿ ಚಪ್ಪಲಿ ಬಿಟ್ಟು ಒಳನಡೆದರು.

ಶಿರಾ ತಿನ್ನುತ್ತ ಹೊಸ ಬೀಗರು ಕೇಳಿದರು, “ಬಸ್ ಹೋಗೂಮಟ ಅಂಥಾದ್ದೇನ ಮಾತಾಡಾಕ ಹತ್ತಿದ್ರಿ?”

ಬಾಗಿಲಲ್ಲಿ ನಿಂತ ಸುವರ್ಣ ಕಣ್ಣು ಮಿಟುಕಿಸದೆ ನನ್ನ ಬಾಯನ್ನೇ ನೋಡುತ್ತಿದ್ದಳು.

“ಏನಿಲ್ರಿ,” ಎಂದೆ, “ಮನಿಗೆ ಬಂದ ಮಂದೀನ ಲಗೂನ ಹೊಂಡಾಕ ಬಿಡಬಾರದಂತ ಹೇಳಾಕ ಹತ್ತಿದ್ದೆ.”